ಇಳಿಸಿದ ಪಿಎಚ್ ಮತ್ತೆ ಏರುವುದೇಕೆ? ಮನೆಯೊಳಗಿನ ಹೈಡ್ರೋಪೋನಿಕ್ಸ್ ಟಿಪ್ಪಣಿ

ಲೆಟಿಸ್, ಪಾಲಕ್, ಬೇಸಿಲ್‌ನಂಥ ಸೊಪ್ಪನ್ನು ಕೋಣೆಯೊಳಗೆ ಎಲ್‌ಇಡಿ ಬೆಳಕಿನಲ್ಲಿ, ಮಣ್ಣಿಲ್ಲದೆ ಪೋಷಕಾಂಶ ಕರಗಿಸಿದ ನೀರಿನಲ್ಲೇ (ಇದೇ ಹೈಡ್ರೋಪೋನಿಕ್ಸ್) ಬೆಳೆಯಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಲೆಕ್ಕಕ್ಕೆ 20 ಲೀಟರಿನ ತೊಟ್ಟಿ ಮತ್ತು ಬೆಂಗಳೂರಿನ ಕಡೆಯ ಗಡಸು ಬೋರ್‌ವೆಲ್ ನೀರನ್ನು ಇಟ್ಟುಕೊಂಡಿದ್ದೇನೆ.

ಪಿಎಚ್ ಎಷ್ಟಿರಬೇಕು

ಪಿಎಚ್ ಎಂದರೆ ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ: 7 ತಟಸ್ಥ, ಅಂಕಿ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ. ತೊಟ್ಟಿಯಲ್ಲಿ ಅದು 5.5ರಿಂದ 6.5 ಇರಬೇಕು. ಇದಕ್ಕಿಂತ ಮೇಲೆ ಹೋದರೆ ಮೊದಲು ಕೈಕೊಡುವುದು ಕಬ್ಬಿಣ. ಗೊಬ್ಬರದಲ್ಲಿ ಕಬ್ಬಿಣವನ್ನು ಕರಗಿದಂತೆಯೇ ಹಿಡಿದಿಡುವ ಸಂಯುಕ್ತಕ್ಕೆ ಬೆಸೆದಿರುತ್ತಾರೆ: ಇಡಿಟಿಎ ರೂಪದ ಕಬ್ಬಿಣ 6.5 ದಾಟಿದ ಮೇಲೆ ನೆಚ್ಚುವಂತಿಲ್ಲ, ಡಿಟಿಪಿಎ ರೂಪದ್ದು ಸುಮಾರು 7ರವರೆಗೂ ತಾಳುತ್ತದೆ. ಕೊರತೆ ಕಾಣಿಸುವುದು ಹೊಸ ಎಲೆಗಳಲ್ಲಿ: ನರಗಳು ಹಸಿರು, ನಡುವಿನ ಭಾಗ ಹಳದಿ. ಆಗ ಇನ್ನಷ್ಟು ಗೊಬ್ಬರ ಸುರಿಯುವ ಮುಂಚೆ ಮೀಟರ್ ಅದ್ದಿ ನೋಡಿ.

ಪಿಎಚ್ ಬೇರೆ, ಕ್ಷಾರೀಯತೆ ಬೇರೆ

ನನಗೆ ತಲೆಗೆ ಹತ್ತಲು ಹೆಚ್ಚು ಹೊತ್ತು ಹಿಡಿದದ್ದು ಈ ಭಾಗ. ಆದ್ದರಿಂದ ಇದನ್ನು ಬಿಡಿಸಿ ಬಿಡಿಸಿ ಬರೆಯುತ್ತೇನೆ.

ಎರಡು ಬಕೆಟ್ ಇವೆ ಎಂದುಕೊಳ್ಳಿ. ಒಂದರಲ್ಲಿ ಆರ್‌ಒ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ಮೀಟರ್ ಎರಡರಲ್ಲೂ 7ರ ಆಸುಪಾಸು ತೋರಿಸಬಹುದು. ಆದರೂ ಒಂದಕ್ಕೆ ಆಮ್ಲ ತಾಗಿಸಿದರೆ ಸಾಕು, 5ಕ್ಕೆ ಜಾರುತ್ತದೆ. ಇನ್ನೊಂದು ಚಮಚಗಟ್ಟಲೆ ಕುಡಿದ ಮೇಲೆ ಅಲುಗುತ್ತದೆ. ಕಾರಣ, ಪಿಎಚ್ ಹೇಳುವುದು ಈಗ ನೀರಿನಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನು ಎಷ್ಟು ಎಂದು ಮಾತ್ರ. ಹಾಕಿದ ಆಮ್ಲವನ್ನು ನುಂಗಲು ಎಷ್ಟು ಬೈಕಾರ್ಬೊನೇಟ್ (ನೀರಿನಲ್ಲಿ ಕರಗಿರುವ ಕ್ಷಾರ) ಕಾದು ಕೂತಿದೆ ಎಂಬುದನ್ನು ಹೇಳುವುದು ಕ್ಷಾರೀಯತೆ. ಸಾಲಗಾರನ ಕೈಗೆ ಸಂಬಳ ಬಂದ ಹಾಗೆ, ಆಮ್ಲ ಬಿದ್ದೊಡನೆ ಮೊದಲು ಹಳೇ ಬಾಕಿ ಚುಕ್ತಾ ಆಗಬೇಕು. ಅದರ ನಂತರವೇ ಪಿಎಚ್ ಇಳಿಯುವುದು.

ಈಗ ಲೆಕ್ಕ. ನೀರಿನ ಪರೀಕ್ಷಾ ವರದಿಯಲ್ಲಿ 'ಒಟ್ಟು ಕ್ಷಾರೀಯತೆ' ಎಂಬ ಸಾಲಿರುತ್ತದೆ. ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ. ಆ ಅಂಕಿಯನ್ನು 50ರಿಂದ ಭಾಗಿಸಿ. 200 ಮಿ.ಗ್ರಾಂ ಇದ್ದರೆ ಲೀಟರಿಗೆ 4 ಮಿಲಿಈಕ್ವಿವಲೆಂಟ್ (ಆಮ್ಲ, ಕ್ಷಾರ ಒಂದಕ್ಕೊಂದು ಸರಿಹೊಂದುವ ಪ್ರಮಾಣದ ಅಳತೆ) ಬಾಕಿ ಇದೆ ಎಂದರ್ಥ. (ಭಾರತೀಯ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 200 ಸ್ವೀಕಾರಾರ್ಹ ಮಿತಿ, ಬೇರೆ ನೀರಿಲ್ಲದ ಕಡೆ 600ರವರೆಗೂ ಅವಕಾಶವಿದೆ. ಹಾಗಾಗಿ ಕುಡಿಯಲು ಯೋಗ್ಯವಾದ ನೀರೂ ನಮ್ಮ ತೊಟ್ಟಿಗೆ ಭಾರವಾಗಬಹುದು.)

ಶುದ್ಧ ನೀರನ್ನು 7ರಿಂದ 5.8ಕ್ಕೆ ಇಳಿಸಲು ಲೀಟರಿಗೆ ಬೇಕಾದ ಆಮ್ಲ ಸುಮಾರು 0.0016 ಮಿಲಿಈಕ್ವಿವಲೆಂಟ್. ಮೇಲಿನ ಬೋರ್‌ವೆಲ್ ನೀರಿಗೆ ಸುಮಾರು 3.1. ಎರಡು ಸಾವಿರ ಪಟ್ಟು ಹತ್ತಿರದ ಅಂತರ! ಈ 3.1 ಎಲ್ಲಿಂದ ಬಂತು? ಪಿಎಚ್ 6.35ರಲ್ಲಿ ಅರ್ಧದಷ್ಟು ಬೈಕಾರ್ಬೊನೇಟ್ ಕಾರ್ಬೊನಿಕ್ ಆಮ್ಲವಾಗಿ ಬದಲಾಗಿರುತ್ತದೆ, 5.8ಕ್ಕೆ ಬರುವಾಗ ಶೇ. 78ರಷ್ಟು. 4ರಲ್ಲಿ ಶೇ. 78 ಎಂದರೆ 3.1.

ಉಳಿದ ಶೇ. 22ರ ಕಡೆ ಗಮನ ಕೊಡಿ, ಏಕೆಂದರೆ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಆಮ್ಲ ಹಾಕಿದಾಗ ಹುಟ್ಟಿದ ಕಾರ್ಬೊನಿಕ್ ಆಮ್ಲ ನೀರಿನಲ್ಲಿ ಉಳಿಯುವುದಿಲ್ಲ. ಪಂಪಿನ ಗಾಳಿಯನ್ನು ನೀರಿಗೆ ಬಿಡುವ ಏರ್ ಸ್ಟೋನ್ ಗುಳ್ಳೆ ಎಬ್ಬಿಸುತ್ತಿದ್ದಂತೆ ಅದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಬೈಕಾರ್ಬೊನೇಟ್ ಮಾತ್ರ ಹಿಂದೆ ಉಳಿಯುತ್ತದೆ. ಎದುರಿಗಿದ್ದ ಆಮ್ಲ ಹೋಯಿತು, ಕ್ಷಾರ ಉಳಿಯಿತು: ರಾತ್ರಿ 5.8 ಇದ್ದದ್ದು ಬೆಳಿಗ್ಗೆ 7ರ ಮೇಲೆ. ಮೀಟರ್ ಕೆಟ್ಟಿಲ್ಲ, ಗಿಡವೂ ಏನೂ ಮಾಡಿಲ್ಲ. ಕೊನೆಗೆ ಬಾಕಿ 4ಕ್ಕೆ 4ನ್ನೂ ತೀರಿಸಬೇಕಾಗುತ್ತದೆ, ಆದರೆ ಕಂತಿನಲ್ಲಿ.

ಒಂದು ಲೀಟರಿನ ಪರೀಕ್ಷೆ

ವರದಿ ಕೈಯಲ್ಲಿಲ್ಲದಿದ್ದರೂ ಇದನ್ನು ಮಾಡಬಹುದು. ನನಗೆ ತುಂಬ ಹಿಡಿಸಿದ ದಾರಿ ಇದು. ಕೈಗವಸು, ಕನ್ನಡಕ ಹಾಕಿಕೊಂಡು 990 ಮಿ.ಲೀ. ನೀರಿಗೆ 10 ಮಿ.ಲೀ. ಶೇ. 85ರ ಫಾಸ್ಫಾರಿಕ್ ಆಮ್ಲ ಸೇರಿಸಿ. ನೀರಿಗೆ ಆಮ್ಲ, ಎಂದೂ ಆಮ್ಲಕ್ಕೆ ನೀರಲ್ಲ. ಈ ತೆಳು ದ್ರಾವಣವನ್ನು ಸಿರಿಂಜಿನಲ್ಲಿ ತೆಗೆದುಕೊಂಡು ಒಂದು ಲೀಟರ್ ಬೋರ್‌ವೆಲ್ ನೀರಿಗೆ ಹಾಕುತ್ತಾ ಹೋಗಿ. ಮೇಲಿನ ನೀರಾದರೆ 21 ಮಿ.ಲೀ. ಹೊತ್ತಿಗೆ 5.8 ಬರುತ್ತದೆ. ಗುಳ್ಳೆ ಬಿಟ್ಟು ಕೆಲವು ಗಂಟೆ ಕಾಯಿರಿ. ಏರಿದ್ದನ್ನು ಮತ್ತೆ ಇಳಿಸಿ. ಏರುವುದು ನಿಂತಾಗ ಒಟ್ಟು 27 ಮಿ.ಲೀ. ಹತ್ತಿರ ಆಗಿರುತ್ತದೆ. 20 ಲೀಟರಿಗೆ ಅದರ 20 ಪಟ್ಟು, ಎಂದರೆ ಮೂಲ ಆಮ್ಲ ಸುಮಾರು 5.4 ಮಿ.ಲೀ.

ಇಲ್ಲಿ ಇನ್ನೊಂದು ತೊಡಕು. ಇಷ್ಟು ಫಾಸ್ಫಾರಿಕ್ ಆಮ್ಲದ ಜೊತೆ ಲೀಟರಿಗೆ ಸುಮಾರು 120 ಮಿ.ಗ್ರಾಂ ರಂಜಕ ಬರುತ್ತದೆ. ಹೋಗ್‌ಲ್ಯಾಂಡ್ ಎಂಬ ಪ್ರಸಿದ್ಧ ಪೋಷಕ ದ್ರಾವಣದಲ್ಲಿ ಇರುವುದು 31 ಮಾತ್ರ. ಆದ್ದರಿಂದ ಗಡಸು ನೀರಿರುವವರು ಆಮ್ಲದಿಂದಲೇ ಎಲ್ಲ ಸರಿಮಾಡಲು ಹೊರಡದೆ ಅರ್ಧ ಅಥವಾ ಮುಕ್ಕಾಲು ಪಾಲು ಆರ್‌ಒ ನೀರು ಬೆರೆಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅರ್ಧ ಬೆರೆಸಿದರೆ ಬಾಕಿಯೂ ಅರ್ಧ.

ನಿಂಬೆರಸ, ವಿನೆಗರ್ ಬೇಡ. ಅವುಗಳ ಸಾವಯವ ಆಮ್ಲವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಿದಂತೆ ಪಿಎಚ್ ವಾಪಸ್ ಏರುತ್ತದೆ. ಪೋಷಕಾಂಶ ಮೊದಲು ಬೆರೆಸಿ, ಪಿಎಚ್ ಆಮೇಲೆ. ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ, 4 ಮತ್ತು 7ರ ಬಫರ್‌ನಲ್ಲಿ ಹೊಂದಿಸಿ, ಅದರ ತುದಿಯನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಿ.

ಗಾಳಿಯ ತೇವಾಂಶ

'ಶೇ. 60 ತೇವಾಂಶ' ಎಂದಷ್ಟೇ ಹೇಳಿದರೆ ಗಿಡದ ಪಾಡು ತಿಳಿಯುವುದಿಲ್ಲ. ಉಷ್ಣಾಂಶವೂ ಬೇಕು. ಗಾಳಿ ಇನ್ನೂ ಎಷ್ಟು ಆವಿಯನ್ನು ಹೀರಬಲ್ಲದು ಎಂಬುದೇ ಆವಿ ಒತ್ತಡದ ಕೊರತೆ, ಅಂದರೆ ವಿಪಿಡಿ. ಮೂರು ಅಂಕಿ ಬಾಯಿಪಾಠ ಮಾಡಿದರೆ ಸಾಕು: ತುಂಬಿದ ಆವಿಯ ಒತ್ತಡ 20 ಡಿಗ್ರಿಯಲ್ಲಿ 2.3, 25ರಲ್ಲಿ 3.2, 30ರಲ್ಲಿ 4.2 ಕಿಲೋಪಾಸ್ಕಲ್. ತೇವಾಂಶವನ್ನು 100ರಿಂದ ಕಳೆದು, ಉಳಿದ ಶೇಕಡಾ ಭಾಗದಿಂದ ಆ ಒತ್ತಡವನ್ನು ಗುಣಿಸಿ. 25 ಡಿಗ್ರಿ, ಶೇ. 70 ಆದರೆ 3.2ರಲ್ಲಿ ಶೇ. 30, ಸುಮಾರು 0.95. ಬೆಳೆಯುವ ಸೊಪ್ಪಿಗೆ 0.8ರಿಂದ 1.2 ಹಿತ, ಎಳೆ ಸಸಿಗೆ ಇನ್ನೂ ಕಡಿಮೆ. ಅದೇ ಶೇ. 60, 20 ಡಿಗ್ರಿಯಲ್ಲಿ 0.9 ಇದ್ದದ್ದು 30 ಡಿಗ್ರಿಯಲ್ಲಿ 1.7 ಆಗುತ್ತದೆ.

ವಿಪಿಡಿ ತೀರಾ ಕಡಿಮೆಯಾದರೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಂತೆ, ಬಾಷ್ಪವಿಸರ್ಜನೆ (ಎಲೆಯಿಂದ ನೀರು ಆವಿಯಾಗಿ ಹೋಗುವುದು) ನಿಧಾನವಾಗುತ್ತದೆ. ಕ್ಯಾಲ್ಸಿಯಂ ಆ ನೀರಿನ ಹರಿವಿನ ಜೊತೆಗೇ ಮೇಲೇರುವುದರಿಂದ ಲೆಟಿಸ್‌ನ ಒಳ ಎಲೆಗಳಿಗೆ ತಲುಪುವುದಿಲ್ಲ, ಅಂಚು ಕಂದಾಗಿ ಸುಡುತ್ತದೆ. ತೊಟ್ಟಿಗೆ ಕ್ಯಾಲ್ಸಿಯಂ ಸುರಿದರೆ ಇದು ವಾಸಿಯಾಗದು. ಸಣ್ಣ ಫ್ಯಾನಿನ ಗಾಳಿಯನ್ನು ಮೇಲಿನಿಂದ ಗಿಡದ ನಡುವಿಗೆ ಬೀಳುವಂತೆ ಇಡಬೇಕು. 25 ಡಿಗ್ರಿ, ಶೇ. 80 ಇರುವ ಕೋಣೆ ದೀಪ ಆರಿದ ಮೇಲೆ 21ಕ್ಕೆ ಇಳಿದರೆ ಎಲೆಯ ಮೇಲೆ ಇಬ್ಬನಿ ಕೂರುತ್ತದೆ, ಬೂಷ್ಟಿಗೆ ದಾರಿಯಾಗುತ್ತದೆ. ಫ್ಯಾನನ್ನು ರಾತ್ರಿಯೂ ಆರಿಸಬೇಡಿ.

ಒಣ ಗಾಳಿ ಪಿಎಚ್ ಏರಿಸುವ ಬಗೆ

ಪುಸ್ತಕಗಳಲ್ಲಿ ತೇವಾಂಶ ಒಂದು ಅಧ್ಯಾಯ, ಪಿಎಚ್ ಇನ್ನೊಂದು. ತೊಟ್ಟಿಯಲ್ಲಿ ಅವೆರಡೂ ಒಂದೇ ಕಥೆ. ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲಿ ಗಿಡ ಪೋಷಕಾಂಶಕ್ಕಿಂತ ನೀರನ್ನೇ ಹೆಚ್ಚು ಎಳೆಯುತ್ತದೆ. ಮಟ್ಟ ಇಳಿಯುತ್ತದೆ, ಇಸಿ (ಕರಗಿದ ಲವಣ ಎಷ್ಟಿದೆ ಎಂದು ಹೇಳುವ ವಿದ್ಯುತ್ ವಾಹಕತೆ) ಏರುತ್ತದೆ, ನಾವು ಬೋರ್‌ವೆಲ್ ನೀರು ತುಂಬುತ್ತೇವೆ. 3 ಲೀಟರ್ ತುಂಬಿದರೆ 12 ಮಿಲಿಈಕ್ವಿವಲೆಂಟ್ ಹೊಸ ಬಾಕಿ ಒಳಗೆ ಬಂತು. ಗಿಡ ಹೀರಿದ್ದು ನೀರನ್ನು, ಬೈಕಾರ್ಬೊನೇಟ್ ತೊಟ್ಟಿಯಲ್ಲೇ ಉಳಿಯಿತು. ಇದರ ಮೇಲೆ, ನೈಟ್ರೇಟ್ ಹೀರುವಾಗ ಬೇರು ಬಿಡುವ ಕ್ಷಾರವೂ ಸೇರಿಕೊಳ್ಳುತ್ತದೆ. ಸಾರಜನಕದ ಸಣ್ಣ ಪಾಲನ್ನು ಅಮೋನಿಯಂ ರೂಪದಲ್ಲಿ ಕೊಟ್ಟರೆ ಈ ಕೊನೆಯದು ಸ್ವಲ್ಪ ತಗ್ಗುತ್ತದೆ, ಆದರೆ ತುಂಬುವ ನೀರಿನ ಬಾಕಿಗೆ ಅದು ಸಾಲದು.

ಹಾಗಾಗಿ ಆರ್‌ಒ ನೀರು ಸ್ವಲ್ಪವೇ ಸಿಗುವುದಾದರೆ ಅದನ್ನು ಮೊದಲ ತುಂಬಿಗೆ ಖರ್ಚು ಮಾಡಬೇಡಿ. ಮೊದಲ ತುಂಬಿನ ಬಾಕಿಯನ್ನು ಆಮ್ಲದಿಂದ ಒಮ್ಮೆ ತೀರಿಸಬಹುದು. ದಿನದಿನ ತುಂಬುವ ನೀರು ಆರ್‌ಒ ಆಗಿರಲಿ.