ಹಳೆಯ ಕಾರಿನ ಹೀಟರ್ ಮತ್ತು ಬಾಗಿಲಿನ ಲಾಕ್: ಚಳಿಗಾಲಕ್ಕೆ ಮುನ್ನ ಬರೆದುಕೊಂಡ ಅಧ್ಯಯನ ಟಿಪ್ಪಣಿ

ಅಮೆರಿಕದ ಮಿನ್ನೆಸೋಟಾದಲ್ಲಿ ಜನವರಿಯ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಅಪರೂಪವೇನಲ್ಲ. ಅಂಥ ಊರಿನಲ್ಲಿ ಹೀಟರ್ ಕೆಟ್ಟರೆ ಮುಂದಿನ ಗಾಜಿನ ಮೇಲೆ ಕಟ್ಟಿದ ಮಂಜು ಕರಗದೆ ರಸ್ತೆಯೇ ಕಾಣದಂತಾಗುತ್ತದೆ. 2000ರ ಆಸುಪಾಸಿನ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ರಿಪೇರಿ ಕಲಿಯುತ್ತಿರುವ ಸಹಪಾಠಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಿಸಿಯ ದಾರಿ

ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಶಾಖವಾಗಿ ಕೂಲೆಂಟ್‌ಗೆ, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವಕ್ಕೆ, ಸೇರುತ್ತದೆ. ಆ ಬಿಸಿ ಕೂಲೆಂಟ್ ಡ್ಯಾಶ್‌ಬೋರ್ಡ್‌ನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನ ಮೂಲಕ ಹರಿಯುತ್ತದೆ, ಬ್ಲೋವರ್ ಎಂಬ ಫ್ಯಾನ್ ಅದರ ಮೇಲೆ ಗಾಳಿ ಬೀಸುತ್ತದೆ. ಇಷ್ಟು ಎಲ್ಲರಿಗೂ ಬೇಗ ತಿಳಿಯುತ್ತದೆ. ತೊಡಕಿರುವುದು ಥರ್ಮೋಸ್ಟ್ಯಾಟ್ ವಿಷಯದಲ್ಲಿ, ಅಂದರೆ ಕೂಲೆಂಟಿನ ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟದ ವಿಷಯದಲ್ಲಿ.

ಥರ್ಮೋಸ್ಟ್ಯಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಹೀಟರ್ ತಣ್ಣಗಾಗುತ್ತದೆ ಎಂದು ಪಾಠದಲ್ಲಿ ಓದಿದಾಗ ಅದು ನನಗೆ ತಲೆಕೆಳಗಾಗಿ ಕಂಡಿತು. ಕವಾಟ ತೆರೆದಿದ್ದರೆ ಬಿಸಿ ಕೂಲೆಂಟ್ ಹೆಚ್ಚು ಹರಿಯಬೇಕಲ್ಲವೇ, ಹೆಚ್ಚು ಹರಿದರೆ ಹೀಟರ್ ಇನ್ನಷ್ಟು ಬಿಸಿಯಾಗಬೇಕಲ್ಲವೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಕೂಲೆಂಟಿನ ದಾರಿಯನ್ನು ಹಾಳೆಯ ಮೇಲೆ ಬಿಡಿಸಿದ ಮೇಲೆ ಉತ್ತರ ಸ್ಪಷ್ಟವಾಯಿತು: ಥರ್ಮೋಸ್ಟ್ಯಾಟ್ ಕಾಯುವುದು ರೇಡಿಯೇಟರಿನ ದಾರಿಯನ್ನು, ಹೀಟರಿನ ದಾರಿಯನ್ನಲ್ಲ. ಸಾಮಾನ್ಯವಾಗಿ ಥರ್ಮೋಸ್ಟ್ಯಾಟ್ ಪೂರ್ತಿ ಮುಚ್ಚಿದ್ದಾಗಲೂ ಪಂಪು ಕೂಲೆಂಟನ್ನು ಎಂಜಿನ್ನಿನಿಂದ ಹೀಟರ್ ಕೋರ್‌ಗೆ, ಅಲ್ಲಿಂದ ಮತ್ತೆ ಎಂಜಿನ್ನಿಗೆ ಸುತ್ತಿಸುತ್ತಲೇ ಇರುತ್ತದೆ. ಕೂಲೆಂಟ್ ಸುಮಾರು 82ರಿಂದ 90 ಡಿಗ್ರಿ ಮುಟ್ಟಿದಾಗ ಮಾತ್ರ ಕವಾಟ ತೆರೆದು, ಹೆಚ್ಚಾದ ಶಾಖವನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಸದಾ ತೆರೆದೇ ಇದ್ದರೆ ಎಂಜಿನ್ ಬಿಸಿಯೇರುವ ಮೊದಲೇ ಅದರ ಶಾಖವೆಲ್ಲ ರೇಡಿಯೇಟರಿನ ಮೂಲಕ ಹೊರಗಿನ ಕೊರೆಯುವ ಗಾಳಿಗೆ ಸೋರಿಹೋಗುತ್ತದೆ. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ತಾಪಮಾನದ ಗೇಜಿನ ಮುಳ್ಳು ಕೆಳಗಿಳಿಯುವುದು ಇದರ ಖಚಿತ ಲಕ್ಷಣ. ಹಲವು ಕಾರುಗಳಲ್ಲಿ ಇದರ ಜೊತೆಗೆ ಕಾರಿನ ಕಂಪ್ಯೂಟರಿನಲ್ಲಿ ಪಿ0128 ಎಂಬ ದೋಷದ ಕೋಡ್ ಕೂಡ ಬರುತ್ತದೆ.

ಅನುಮಾನ ಉಳಿದರೆ ಭಾಗವನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಬಹುದು. ತಣ್ಣಗಿರುವಾಗ ಹಿತ್ತಾಳೆಯ ತಟ್ಟೆ ಅಂಚಿಗೆ ಬಿಗಿಯಾಗಿ ಕೂತಿರಬೇಕು. ಬೆಳಕಿಗೆ ಹಿಡಿದಾಗ ಸುತ್ತಲೂ ಸಂದು ಕಂಡರೆ ಅದು ಕೆಟ್ಟಿದೆ. ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ, ಅದರ ಮೇಲೆ ಅಚ್ಚಾಗಿರುವ ತಾಪಮಾನದ ಹತ್ತಿರ ತಟ್ಟೆ ನಿಧಾನವಾಗಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಪುಸ್ತಕದಲ್ಲಿ ಓದಿ ಅರ್ಥವಾಗದವರು ಇದನ್ನು ಒಮ್ಮೆ ನೋಡಲೇಬೇಕು.

ಎರಡು ಹೋಸ್‌ಗಳ ಪರೀಕ್ಷೆ

ನನಗೆ ಬಹಳ ಪ್ರಿಯವಾದ ಪರೀಕ್ಷೆ ಇದು. ಹೀಟರ್ ಕೋರ್‌ಗೆ ಹೋಗುವ ಮತ್ತು ಅದರಿಂದ ಬರುವ ಎರಡು ಹೋಸ್‌ಗಳು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯನ್ನು ಹಾದುಹೋಗುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ, ಎರಡನ್ನೂ ಎಚ್ಚರದಿಂದ ಮುಟ್ಟಿ ನೋಡಬೇಕು. ಎರಡೂ ಬಿಸಿಯಾಗಿದ್ದರೆ ಕೂಲೆಂಟಿನ ಕಡೆ ದೋಷವಿಲ್ಲ. ಬಿಸಿ ಗಾಳಿ ತಣ್ಣನೆಯ ಗಾಳಿಗಳನ್ನು ಬೆರೆಸುವ ಒಳಗಿನ ಬಾಗಿಲು ಅಥವಾ ಅದರ ಕೇಬಲ್ ಸಿಕ್ಕಿಕೊಂಡಿರಬಹುದು. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಕೋರ್‌ಗೆ ಕೂಲೆಂಟ್ ಬಿಡುವ ಹೀಟರ್ ವಾಲ್ವ್ ತೆರೆಯುತ್ತಿಲ್ಲ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟ್ಯಾಟ್ ಅಥವಾ ಕೂಲೆಂಟ್ ಮಟ್ಟದ ಕಡೆಗೆ ಗಮನ ಹರಿಸಬೇಕು. ನಿಂತಲ್ಲಿ ತಣ್ಣನೆಯ ಗಾಳಿ, ಆಕ್ಸಿಲರೇಟರ್ ಒತ್ತಿದಾಗ ಬಿಸಿ ಗಾಳಿ ಬಂದರೆ ಕೂಲೆಂಟ್ ಕಡಿಮೆಯಾಗಿ ಗಾಳಿ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು.

ನಮ್ಮ ಕಡೆ ಕೂಲೆಂಟ್ ಇಳಿದರೆ ಬಾಟಲಿಯ ನೀರು ಸುರಿಯುವ ರೂಢಿಯಿದೆ. ಹಿಮ ಬೀಳುವ ಊರಿನಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಎಂಜಿನ್ ಬ್ಲಾಕೇ ಸೀಳಬಹುದು. ನೀರು ಮತ್ತು ಕೂಲೆಂಟಿನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ಸಮಪಾಲಿನಲ್ಲಿದ್ದರೆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟದು. ಹಾಗೆಂದು ನೀರನ್ನೇ ಬೆರೆಸದೆ ಗ್ಲೈಕಾಲನ್ನು ತುಂಬಿದರೆ ಅದು ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ಆದ್ದರಿಂದ ಅಳತೆ ಮುಖ್ಯ. ಈ ದ್ರವ ಸಿಹಿಯಾಗಿದ್ದು ವಿಷವೂ ಆಗಿರುವುದರಿಂದ ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಬೇಕು.

ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ಕರೆಂಟನ್ನು ತಡೆದು ವೇಗ ತಗ್ಗಿಸುವ ಅದರ ರೆಸಿಸ್ಟರ್ ಸುಟ್ಟಿದೆ ಎಂದು ತಿಳಿಯಬಹುದು, ಏಕೆಂದರೆ ಆ ಒಂದು ವೇಗಕ್ಕೆ ಕರೆಂಟ್ ರೆಸಿಸ್ಟರನ್ನು ದಾಟದೆ ನೇರವಾಗಿ ಬರುತ್ತದೆ.

ಬಾಗಿಲಿನ ಲಾಕ್

ಕೀ ಒಳಗೆ ಹೋಗದಿದ್ದರೆ ತೂತಿನೊಳಗೆ ಸೇರಿದ ನೀರು ಹೆಪ್ಪುಗಟ್ಟಿರುತ್ತದೆ. ಆಲ್ಕೋಹಾಲ್ ಇರುವ, ಮಂಜುಗಡ್ಡೆ ಕರಗಿಸುವ ಡಿ-ಐಸರ್ ಸಾಕು. ಬಿಸಿನೀರು ಸುರಿದರೆ ಗಾಜು ಸೀಳಬಹುದು, ಇಳಿದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಒಣಗಿದ ಮೇಲೆ ಗ್ರಾಫೈಟ್ ಪುಡಿ ಹಾಕಬೇಕು. ಅದರ ಜೊತೆ ಎಣ್ಣೆ ಬೆರೆತರೆ ಜಿಡ್ಡಾಗುತ್ತದೆ. ಕೀ ತಿರುಗಿಯೂ ಬಾಗಿಲು ಬಿಡದಿದ್ದರೆ ರಬ್ಬರ್ ಬೀಡಿಂಗ್ ಅಂಟಿರಬಹುದು; ಅದಕ್ಕೆ ಮುಂಚಿತವಾಗಿ ಸಿಲಿಕೋನ್ ಸವರಿಡಬೇಕು. ಬಾಗಿಲು ಮುಚ್ಚಿದರೂ ಕಚ್ಚಿಕೊಳ್ಳದಿದ್ದರೆ ಬಾಗಿಲನ್ನು ಹಿಡಿದಿಡುವ ಕೊಂಡಿಯಾದ ಲ್ಯಾಚಿನ ಹಳೆಯ ಗ್ರೀಸ್ ಚಳಿಗೆ ಗಟ್ಟಿಯಾಗಿದೆ ಎಂದರ್ಥ. ಅದನ್ನು ತೊಳೆದು ಲಿಥಿಯಂ ಗ್ರೀಸ್ ಹಾಕಿದರೆ ಸರಿಹೋಗುತ್ತದೆ.

ಎಲ್ಲ ಬಾಗಿಲುಗಳನ್ನೂ ಮೋಟಾರಿನಿಂದ ಒಟ್ಟಿಗೆ ಹಾಕಿ ತೆರೆಯುವ ಸೆಂಟ್ರಲ್ ಲಾಕಿನಲ್ಲಿ ಮಾತ್ರ ಇನ್ನೊಂದು ಗೊಂದಲವಿದೆ. ಎರಡು ವೈರಿನ ಮೋಟಾರಿಗೆ ಲಾಕ್ ಮಾಡುವಾಗ ಕರೆಂಟ್ ಒಂದು ದಿಕ್ಕಿನಲ್ಲಿ, ತೆರೆಯುವಾಗ ಅದರ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ, ಅದೂ ಕ್ಷಣಮಾತ್ರ. ಆದ್ದರಿಂದ ಮೀಟರಿನ ಎರಡು ಕಡ್ಡಿಗಳನ್ನು ಎರಡು ವೈರುಗಳಿಗೇ ಹಿಡಿಯಬೇಕು. ಡಿಜಿಟಲ್ ಮೀಟರಿನ ಕಣ್ಣಿಗೆ ಆ ಕ್ಷಣ ತಪ್ಪಿಹೋಗುವುದರಿಂದ ಟೆಸ್ಟ್ ಲ್ಯಾಂಪ್ ಹೆಚ್ಚು ನಂಬಿಕೆಗೆ ಅರ್ಹ. ಲ್ಯಾಂಪ್ ಮಿನುಗಿಯೂ ಲಾಕ್ ಕದಲದಿದ್ದರೆ ಮೋಟಾರು ಕೆಟ್ಟಿದೆ, ಅಥವಾ ಲ್ಯಾಚೇ ಬಿಗಿದುಕೊಂಡಿದೆ. ಮಿನುಗದಿದ್ದರೆ, ಬಾಗಿಲು ಮತ್ತು ಅದನ್ನು ಜೋಡಿಸಿರುವ ಕಾರಿನ ಕಂಬದ ನಡುವಿನ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿ ನೋಡಬೇಕು: ವರ್ಷಗಟ್ಟಲೆ ಮಡಚಿ ಬಿಡಿಸಿಕೊಂಡ ವೈರು, ಚಳಿಗೆ ಬಿರುಸಾಗಿ, ಹೆಚ್ಚಾಗಿ ಅಲ್ಲಿಯೇ ತುಂಡಾಗಿರುತ್ತದೆ.