ಮೂರು ನಿಮಿಷಕ್ಕೆ ಸಿಕ್ಕಿಬಿದ್ದ ಹಾಡುಗಳು

ಹಳೇ ಜಾನಪದ ರೆಕಾರ್ಡಿಂಗ್ ಹಾಕಿದ್ರೆ ಮೊದ್ಲು ಕೇಳ್ಸೋದು ಹಾಡಲ್ಲ, ಏನೋ ಹುರೀತಿರೋ ಥರ ಚರಚರ ಸದ್ದು. ಆಮೇಲೆ ಯಾರೋ ಕೆಮ್ತಾರೆ, ಉಸಿರು ಎಳ್ಕೋತಾರೆ, ಶುರು ಮಾಡ್ತಾರೆ. ಇವತ್ತಿನ ಸ್ಟುಡಿಯೋದಲ್ಲಾಗಿದ್ರೆ ಇದೆಲ್ಲಾ ಡಿಲೀಟ್. ಆದ್ರೂ ನೂರು ವರ್ಷದ ಈ ಸದ್ದನ್ನ ಹುಡ್ಕೊಂಡು ಬಂದು ಕೇಳೋರು ಇದ್ದೇ ಇದ್ದಾರೆ. ಯಾಕೆ ಅಂದ್ರೆ ‘ಅಪ್ಪಟ ಹಾಡು, ಮಣ್ಣಿನ ವಾಸನೆ’ ಅಂತಾರೆ. ನಂಗೆ ಆ ಮಾತು ಪೂರ್ತಿ ಒಪ್ಪಿಗೆ ಆಗಲ್ಲ, ಯಾಕಂದ್ರೆ ಈ ರೆಕಾರ್ಡ್‌ಗಳು ಹುಟ್ಟಿದ ಕಥೆ ನೋಡಿದ್ರೆ ಅದ್ರಲ್ಲಿ ಅಪ್ಪಟಕ್ಕಿಂತ ಆಕಸ್ಮಿಕವೇ ಜಾಸ್ತಿ.

1877ರಲ್ಲಿ ಎಡಿಸನ್ ಸದ್ದು ಹಿಡಿದು ಮತ್ತೆ ಕೇಳ್ಸೋ ಫೋನೋಗ್ರಾಫ್ ಮಾಡ್ದಾಗ ಅವನು ಮುಂದಿಟ್ಟ ಮೊದ್ಲ ಉಪಯೋಗ ಪತ್ರ ಡಿಕ್ಟೇಟ್ ಮಾಡೋದು. ಅದನ್ನ ಹೊತ್ಕೊಂಡು ಜನ ಇದ್ದಲ್ಲಿಗೇ ಹೋಗಿದ್ದು ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅನ್ನೋ ಮಾನವಶಾಸ್ತ್ರಜ್ಞ, 1890ರಲ್ಲಿ, ಅಮೆರಿಕದ ಮೇನ್ ರಾಜ್ಯದ ಪಾಸಮಕ್ವಾಡಿ ಅನ್ನೋ ಮೂಲನಿವಾಸಿ ಜನರ ಹಾಡು, ಕಥೆ ಹಿಡಿಯೋಕೆ. ಹತ್ತು ವರ್ಷದೊಳಗೆ ವಿಯೆನ್ನಾ, ಬರ್ಲಿನ್‌ನಲ್ಲಿ ಧ್ವನಿ ಸಂಗ್ರಹಾಲಯಗಳೇ ಶುರುವಾದ್ವು.

ಆ ಮೆಷಿನ್ ಹೆಂಗಿತ್ತು ಅಂದ್ರೆ, ಕರೆಂಟೂ ಇಲ್ಲ ಮೈಕೂ ಇಲ್ಲ, ತುತ್ತೂರಿ ಥರದ ಅಗಲ ಬಾಯಿಗೆ ಮುಖ ಒಡ್ಡಿ ಜೋರಾಗಿ ಹಾಡ್ಬೇಕು, ದನಿಗೆ ಒಳಗಿನ ತೆಳು ಪೊರೆ ನಡುಗತ್ತೆ, ಅದಕ್ಕೆ ಅಂಟಿರೋ ಮೊನೆ ತಿರುಗ್ತಿರೋ ಮೇಣದ ಉರುಳೆ ಮೇಲೆ ಗೀರು ಕೊರೀತಾ ಹೋಗತ್ತೆ, ಎರಡರಿಂದ ನಾಲ್ಕು ನಿಮಿಷಕ್ಕೆ ಉರುಳೆ ಮುಗೀತು. ಹಾಡು ಮುಗೀಲಿ ಬಿಡ್ಲಿ, ಅಷ್ಟೇ. ಇನ್ನೊಂದು ತಮಾಷೆ ಏನಂದ್ರೆ ಪ್ರತಿ ಸಲ ಕೇಳ್ದಾಗ್ಲೂ ಗೀರು ಸವೀತಿತ್ತು, ಅಂದ್ರೆ ಇಷ್ಟ ಆದಷ್ಟೂ ಹಾಡು ಹಾಳಾಗ್ತಿತ್ತು.

ಅದಕ್ಕೇ ಹೇಳಿದ್ದು ‘ಅಪ್ಪಟ’ ಅನ್ನೋ ಮಾತು ಅನುಮಾನ ಅಂತ. ಬಾಯಿಂದ ಬಾಯಿಗೆ ಬರೋ ಹಾಡು ಇವತ್ತು ಒಂಥರ, ನಾಳೆ ಇನ್ನೊಂಥರ, ಕೇಳೋರು ಕೂತಿದ್ರೆ ಉದ್ದ ಆಗತ್ತೆ, ಎದ್ರೆ ಚಿಕ್ಕದಾಗತ್ತೆ. ರೆಕಾರ್ಡ್ ಹಿಡ್ದಿದ್ದು ಅದ್ರ ಒಂದು ದಿನದ ಒಂದು ತುಣುಕು, ಅದೂ ಮೆಷಿನ್ನಿಗೆ ಹೆದರ್ಕೊಂಡು ಹಾಡಿದ್ದಿರ್ಬೋದು. ನಾವು ಮಾತ್ರ ಅದನ್ನೇ ‘ಮೂಲ’ ಅಂತೀವಿ.

ಆದ್ರೆ ಆ ತುಣುಕಲ್ಲಿ ಕಾಗದಕ್ಕೆ ಸಿಗದೇ ಇರೋದು ಸಿಕ್ತು. ಸಂಗೀತ ಸಂಯೋಜಕ ಬೇಲಾ ಬಾರ್ತೋಕ್ 1906ರಿಂದ ಹಂಗೇರಿಯ ಹಳ್ಳಿಗಳಲ್ಲಿ ಹಿಡಿದ ಉರುಳೆಗಳನ್ನ ನಿಧಾನವಾಗಿ ತಿರುಗಿಸಿ, ಒಂದೊಂದು ಸ್ವರದ ಕೊಂಕೂ ಬರ್ಕೋತಿದ್ದ. ಅದೇ ವರ್ಷ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಇನ್ನೊಬ್ಬ ಸಂಯೋಜಕ ಪರ್ಸಿ ಗ್ರೇಂಜರ್, ಜೋಸೆಫ್ ಟೇಲರ್ ಅನ್ನೋ ಎಪ್ಪತ್ತು ದಾಟಿದ ಮುದುಕನ ದನಿ ಹಿಡಿದ. 1908ರಲ್ಲಿ ಗ್ರಾಮೋಫೋನ್ ಕಂಪನಿ ಅವನ ಹಾಡುಗಳನ್ನ ಡಿಸ್ಕಲ್ಲೇ ತಂತು. ಈಗ ಕೇಳಿದ್ರೂ ಆ ದನಿ ಎಷ್ಟು ಹಗುರಾಗಿ ತಿರುಗತ್ತೆ ಅಂದ್ರೆ ವಯಸ್ಸೇ ಮರ್ತೋಗತ್ತೆ.

1920ರ ದಶಕದಲ್ಲಿ ಇದು ವ್ಯಾಪಾರ ಆಯ್ತು. ಅಮೆರಿಕದ ಕಂಪನಿಗಳಿಗೆ ಸಂಸ್ಕೃತಿ ಉಳ್ಸೋ ಆಸೆ ಏನಿರ್ಲಿಲ್ಲ, ಹಳ್ಳಿ ಜನಕ್ಕೆ ಅವ್ರ ಹಾಡನ್ನೇ ಮಾರೋಣ ಅಂತ ಲೆಕ್ಕ, ಅಷ್ಟೇ. ನಿಮಿಷಕ್ಕೆ 78 ಸುತ್ತು ತಿರುಗೋ ಡಿಸ್ಕ್, ಒಂದು ಕಡೆಗೆ ಸುಮಾರು ಮೂರು ನಿಮಿಷ. ವಿಚಿತ್ರ ನೋಡಿ, ಈ ಮಾರಾಟದ ಡಿಸ್ಕ್‌ಗಳಿಂದ್ಲೇ 84 ಹಾಡು ಆರಿಸಿ ಹ್ಯಾರಿ ಸ್ಮಿತ್ ಅನ್ನೋ ರೆಕಾರ್ಡ್ ಸಂಗ್ರಾಹಕ 1952ರಲ್ಲಿ ಫೋಕ್‌ವೇಸ್ ಅನ್ನೋ ರೆಕಾರ್ಡ್ ಕಂಪನಿಗೆ ಸಂಕಲನ ಮಾಡ್ಕೊಟ್ಟ, ಮುಂದಿನ ಹುಡುಗರು ಗಿಟಾರ್ ಹಿಡಿದು ಅದನ್ನ ವೇದದ ಥರ ಕಲಿತ್ರು. ಆಗ ಆ ರೆಕಾರ್ಡ್‌ಗಳಿಗೆ ಬರೀ ಇಪ್ಪತ್ತು, ಇಪ್ಪತ್ತೈದು ವರ್ಷ! ಯುಗಾಂತರದ್ದು ಅನ್ಸೋ ಹಾಗೆ ಮಾಡಿದ್ದು ಕಾಲ ಒಂದೇ ಅಲ್ಲ, ಆ ಚರಚರನೂ ಹೌದು.

ನಂಗೆ ತುಂಬಾ ಇಷ್ಟದ ಕಥೆ ಅಮೆರಿಕದ ಮಿಸಿಸಿಪ್ಪಿಯ ಹಾಡುಗಾರ ಜಾನ್ ಹರ್ಟ್‌ದು. 1928ರಲ್ಲಿ ಕೆಲವು ಹಾಡು ಹಾಡಿದ, ಡಿಸ್ಕ್ ಓಡ್ಲಿಲ್ಲ, ಆರ್ಥಿಕ ಕುಸಿತ ಬಂತು, ವಾಪಸ್ ಹೋಗಿ ಹೊಲ ಗೇಯ್ತಾ ಇದ್ದ. ಒಂದು ಹಾಡಲ್ಲಿ ಮಾತ್ರ ಅವಲಾನ್ ನನ್ನೂರು ಅಂತ ಹಾಡಿದ್ದ. 1963ರಲ್ಲಿ ಒಬ್ಬ ಅಭಿಮಾನಿ ಅದನ್ನೇ ಅಡ್ರೆಸ್ ಅಂದ್ಕೊಂಡು, ಹಳೇ ಅಟ್ಲಾಸಲ್ಲಿ ಊರು ಹುಡ್ಕಿ ಹೊರಟೇಬಿಟ್ಟ, ಹರ್ಟ್ ಅಲ್ಲೇ ಇದ್ದ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಹಾಡಿದ, 1966ರಲ್ಲಿ ತೀರ್ಕೊಂಡ.

ಆದ್ರೆ ದನಿ ಯಾರದ್ದು, ದುಡ್ಡು ಯಾರಿಗೆ ಅನ್ನೋ ತಕರಾರು ಇದ್ರ ಜೊತೆಗೇ ಬಂದಿದೆ. 1992ರಲ್ಲಿ ಒಂದು ಫ್ರೆಂಚ್ ಜೋಡಿ ಸಾಲೊಮನ್ ದ್ವೀಪದ ಹೆಂಗಸೊಬ್ಬಳ ಜೋಗುಳನ ಡ್ಯಾನ್ಸ್ ಬೀಟಿಗೆ ಸೇರ್ಸಿ ಜಗತ್ತಿಡೀ ಮಾರ್ತು, ಆ ಜೋಗುಳನ ಮೊದ್ಲು ರೆಕಾರ್ಡ್ ಮಾಡಿದ್ದ ಸಂಗೀತ ಸಂಶೋಧಕ ಹ್ಯೂಗೋ ಜೆಂಪ್ ನಾನು ಒಪ್ಪಿಗೆನೇ ಕೊಟ್ಟಿಲ್ಲ ಅಂತ ಬರೆದ್ರು.

ಅಮೆರಿಕದ ಜಾನಪದ ಹಾಡು ಸಂಗ್ರಾಹಕ ಅಲನ್ ಲೊಮ್ಯಾಕ್ಸ್‌ದು ಬೇರೆ ಥರ. ಅಪ್ಪನ ಜೊತೆ 1933ರಲ್ಲಿ ಸುಮಾರು 140 ಕೆಜಿ ಮೆಷಿನ್ ಕಾರಿಗೆ ಹೇರ್ಕೊಂಡು ಜೈಲು ಜೈಲು ತಿರುಗ್ದೋನು, 1959ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಲ್ಲಿ ಕೈದಿಗಳು ಮರ ಕಡೀತಾ ಹಾಡಿದ್ದನ್ನ ಹಿಡಿದಿದ್ದ, ಹಾಡಲ್ಲಿ ಕೊಡಲಿ ಏಟೇ ತಾಳ. 2000ದ ಒಂದು ಹಾಲಿವುಡ್ ಸಿನಿಮಾದಲ್ಲಿ ಅದು ಬಂತು, ಆಲ್ಬಮ್ ಲಕ್ಷಗಟ್ಟಲೆ ಖರ್ಚಾಯ್ತು, ಆ ಕೈದಿಗಳಲ್ಲಿ ಮುಂದಾಳಾಗಿ ಹಾಡಿದ್ದ ಜೇಮ್ಸ್ ಕಾರ್ಟರ್‌ನ ಹುಡ್ಕಿದ್ರೆ ಶಿಕಾಗೋದಲ್ಲಿ ಸಿಕ್ದ. ಸುಮಾರು 20 ಸಾವಿರ ಡಾಲರ್ ಚೆಕ್ ಕೈಗೆ ಕೊಟ್ರು. ಆ ಹಾಡು ಹಾಡಿದ್ದು ಅವನಿಗೆ ನೆನಪೇ ಇರ್ಲಿಲ್ವಂತೆ.