ಫೇಜ್ ಜೀನೋಮ್: ಓದುವ ಬಗೆ, ಚಿಕಿತ್ಸೆಗೆ ಮುನ್ನ ಹುಡುಕಬೇಕಾದ್ದು

ಬ್ಯಾಕ್ಟೀರಿಯಾದೊಳಗೆ ಹೊಕ್ಕು ಬೆಳೆಯುವ ವೈರಸ್ಸೇ ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್. ಸೋಂಕು ತಂದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಇದನ್ನೇ ಔಷಧವಾಗಿ ಕೊಡುವುದುಂಟು; ಅದಕ್ಕೆ ಮುನ್ನ ಅದರ ಜೀನೋಮ್, ಅಂದರೆ ಪೂರ್ತಿ ಆನುವಂಶಿಕ ಬರಹ, ಓದಬೇಕು. ಮೊಟ್ಟಮೊದಲು ಪೂರ್ತಿ ಓದಿದ ಡಿಎನ್‌ಎ ಜೀನೋಮ್ ಕೂಡ ಫೇಜಿನದೇ: 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ತಂಡ ಓದಿದ ಫೈ-ಎಕ್ಸ್-174, ಉದ್ದ 5,386 ಬೇಸ್ (ಡಿಎನ್‌ಎ ಬರಹದ ಅಕ್ಷರ). ಈ ಹೆಸರು ನೆನಪಿರಲಿ, ಮುಂದೆ ತೊಂದರೆ ಕೊಡಲು ಮತ್ತೆ ಬರುತ್ತದೆ.

ಓದುವ ಯಂತ್ರದ ಕೆಲಸ ಈಗ ಸುಲಭ. ಕಷ್ಟವಿರುವುದು ಡಿಎನ್‌ಎ ತೆಗೆಯುವಲ್ಲಿ. ಫೇಜ್ ಬೆಳೆದ ದ್ರವದ ತುಂಬ ಒಡೆದ ಬ್ಯಾಕ್ಟೀರಿಯಾದ ಡಿಎನ್‌ಎ ತೇಲುತ್ತಿರುತ್ತದೆ. ಮೊದಲು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಡಿಎನ್‌ಎ, ಆರ್‌ಎನ್‌ಎ ಕತ್ತರಿಸುವ ಕಿಣ್ವಗಳಾದ ಡಿಎನ್‌ಏಸ್ ಮತ್ತು ಆರ್‌ಎನ್‌ಏಸ್ ಹಾಕಿ 37 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ ಇಡಿ. ಫೇಜಿನ ಡಿಎನ್‌ಎ ಕವಚದೊಳಗಿರುವುದರಿಂದ ಉಳಿಯುತ್ತದೆ, ಹೊರಗಿನದು ಚೂರಾಗುತ್ತದೆ. ಆಮೇಲೆ ಡಿಎನ್‌ಏಸ್ ಕೆಲಸ ನಿಲ್ಲಿಸುವ ಇಡಿಟಿಎ ಸೇರಿಸಿ, ನಂತರ 75 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ. ಈ ಕ್ರಮ ತಪ್ಪಬಾರದು. ಬಿಸಿಗೆ ಕೆಲವು ಕವಚಗಳು ಬಿಚ್ಚಿಕೊಳ್ಳುತ್ತವೆ. ಆಗ ಡಿಎನ್‌ಏಸ್‌ಗೆ ಜೀವವಿದ್ದರೆ ನಿಮಗೆ ಬೇಕಾದ ಡಿಎನ್‌ಎಯನ್ನೇ ಕತ್ತರಿಸಿಹಾಕುತ್ತದೆ. ಇಷ್ಟಾದ ಮೇಲೆ ಪ್ರೋಟೀನ್ ಒಡೆಯುವ ಕಿಣ್ವ ಪ್ರೊಟೀನೇಸ್-ಕೆ ಮತ್ತು ಮಾರ್ಜಕವಾದ ಎಸ್‌ಡಿಎಸ್‌ನಿಂದ 56 ಡಿಗ್ರಿಯಲ್ಲಿ ಕವಚ ಒಡೆದು, ಡಿಎನ್‌ಎ ಹಿಡಿದಿಡುವ ಪುಟ್ಟ ಕೊಳವೆಯಾದ ಕಾಲಮ್ಮಿನಲ್ಲಿ ಶುದ್ಧಮಾಡಿ.

ಎಷ್ಟು ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. 50,000 ಬೇಸ್ ಜೋಡಿಯ ಫೇಜ್ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿ ಇದ್ದರೆ ಡಿಎನ್‌ಎ ಸುಮಾರು ಅರ್ಧ ಮೈಕ್ರೋಗ್ರಾಂ. ಹತ್ತೇ ಕೋಟಿ ಇದ್ದರೆ 5 ನ್ಯಾನೋಗ್ರಾಂ, ಕಾಲಮ್ಮಿನಲ್ಲೇ ಕಳೆದುಹೋಗುವಷ್ಟು. ಫೇಜ್ ದಂಡಿಯಾಗಿದ್ದೂ ಡಿಎನ್‌ಎ ಕಾಣದಿದ್ದರೆ ಅದು ಆರ್‌ಎನ್‌ಎ ಫೇಜ್ ಇರಬಹುದೇ ಎಂದು ನೋಡಿ.

ಯಂತ್ರ ಡಿಎನ್‌ಎಯನ್ನು ಚಿಕ್ಕ ತುಣುಕುಗಳಾಗಿ ಓದುತ್ತದೆ, ಅವನ್ನು ತಂತ್ರಾಂಶ ಜೋಡಿಸುತ್ತದೆ. ಓದು ಎಷ್ಟು ಬೇಕು? ಇದೇ ಫೇಜನ್ನು 100 ಪಟ್ಟು (ಪ್ರತಿ ಬೇಸನ್ನು ಸರಾಸರಿ 100 ಸಲ) ಓದಲು 150 ಬೇಸಿನ ತುಣುಕುಗಳ ಸುಮಾರು 16,700 ಜೋಡಿ ಸಾಕು. ಹತ್ತಾರು ಸಾವಿರ ಪಟ್ಟು ಓದಿದರೆ ಒಳ್ಳೆಯದಾಗುವುದಿಲ್ಲ, ಕೆಡುತ್ತದೆ: ಓದಿನ ತಪ್ಪುಗಳೂ ಮತ್ತೆ ಮತ್ತೆ ಬಂದು ನಿಜವೆಂಬಂತೆ ಕಂಡು ಜೋಡಣೆ ಮುರಿಯುತ್ತದೆ. ಹೆಚ್ಚಾದದ್ದನ್ನು ಕಡಿಮೆ ಮಾಡಿ ಜೋಡಿಸಿ. ಇಲ್ಯುಮಿನಾ ಕಂಪನಿಯ ಓದುವ ಯಂತ್ರದಲ್ಲಿ ಪರೀಕ್ಷೆಗೆಂದು ಬೆರೆಸುವುದು ಫೈ-ಎಕ್ಸ್-174 ಡಿಎನ್‌ಎಯನ್ನೇ. 5,386 ಬೇಸಿನ ತುಂಡೊಂದು ಸಿಕ್ಕರೆ ಹೊಸ ಫೇಜ್ ಎಂದು ಕುಣಿಯಬೇಡಿ.

ತುದಿಗಳ ವಿಷಯದಲ್ಲೂ ಎಚ್ಚರ ಬೇಕು. ತುಣುಕು ಜೋಡಿಸುವ ಸ್ಪೇಡ್ಸ್ ತಂತ್ರಾಂಶ ಜೀನೋಮನ್ನು ಒಂದೇ ತುಂಡಾಗಿ ಕೊಟ್ಟು, ಎರಡೂ ತುದಿಯಲ್ಲಿ ಒಂದೇ 127 ಬೇಸ್ ಕಂಡರೆ ಅದು ಜೋಡಣೆಯ ಗುರುತು, ಒಂದನ್ನು ಕತ್ತರಿಸಿ. ಟಿ7ನಂಥ ಫೇಜಿನಲ್ಲಾದರೋ ತುದಿಯ ಪುನರಾವೃತ್ತಿ ನಿಜವಾದದ್ದು. ಜೋಡಣೆಯಲ್ಲಿ ಅವೆರಡೂ ಒಂದಾಗಿ, ಆ ಜಾಗದಲ್ಲಿ ಓದು ಇಮ್ಮಡಿಯಾಗಿ ಕಾಣುತ್ತದೆ. ಓದಿಗೆ ತಯಾರಿಸಲು ಡಿಎನ್‌ಎಯನ್ನು ಅಲ್ಲಲ್ಲಿ ಕತ್ತರಿಸುವ ಟ್ರಾನ್ಸ್‌ಪೊಸೇಸ್ ಕಿಟ್ ಬಳಸಿದ್ದರೆ ನಿಜವಾದ ತುದಿಗಳನ್ನು ಕಂಡುಹಿಡಿಯುವುದು ಕಷ್ಟ.

ಇನ್ನು ಚಿಕಿತ್ಸೆ. ಇಂಟಿಗ್ರೇಸ್ (ಫೇಜನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಸೇರಿಸುವ ಕಿಣ್ವ) ಅಥವಾ ರಿಪ್ರೆಸರ್ (ಫೇಜಿನ ಕೊಲ್ಲುವ ಜೀನ್‌ಗಳನ್ನು ತಡೆಯುವ ಪ್ರೋಟೀನ್) ಇವುಗಳ ಜೀನ್ ಸಿಕ್ಕರೆ ಆ ಫೇಜ್ ಕೊಲ್ಲುವ ಬದಲು ಬ್ಯಾಕ್ಟೀರಿಯಾದೊಳಗೆ ಅಡಗಿ ಕೂರಬಲ್ಲದು. ಇಂಟಿಗ್ರೇಸ್ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಪಿ1 ಫೇಜ್ ಪ್ಲಾಸ್ಮಿಡ್ (ಬೇರೆಯಾಗಿ ಉಳಿಯುವ ಡಿಎನ್‌ಎ ಉಂಗುರ) ಆಗಿ ಅಡಗುತ್ತದೆ, ಆದ್ದರಿಂದ ಪ್ಲಾಸ್ಮಿಡ್ಡನ್ನು ಮರಿ ಕೋಶಗಳಿಗೆ ಹಂಚುವ ಪಾರ್-ಎ ಜೀನನ್ನೂ ಹುಡುಕಿ. ವಿಷದ ಜೀನ್‌ಗಳ ಪಟ್ಟಿಯೊಂದಿಗೂ ಹೋಲಿಸಿ: ಕಾಲರಾ ಮತ್ತು ಡಿಫ್ತೀರಿಯಾ ವಿಷಗಳ ಜೀನ್‌ಗಳನ್ನು ಹೊತ್ತು ತರುವುದು ಫೇಜ್‌ಗಳೇ. ಆ್ಯಂಟಿಬಯಾಟಿಕ್‌ಗೆ ಪ್ರತಿರೋಧ ಕೊಡುವ ಜೀನ್ ಇದ್ದರೂ ಆ ಫೇಜ್ ಬೇಡ.

ಅಡಗುವ ಫೇಜನ್ನು ತಿದ್ದಿ ಬಳಸಿದ್ದೂ ಉಂಟು. ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದ ಹದಿಹರೆಯದ ರೋಗಿಯೊಬ್ಬರಿಗೆ ಮೂರು ಫೇಜ್ ಕೊಟ್ಟ ವರದಿ 2019ರಲ್ಲಿ ಬಂತು. ಅವುಗಳಲ್ಲಿ ಎರಡರ ರಿಪ್ರೆಸರ್ ಜೀನ್ ತೆಗೆದುಹಾಕಿದ್ದರು. ಜೀನೋಮ್ ಓದದೆ ಇದು ಸಾಧ್ಯವಿರಲಿಲ್ಲ.

ತಯಾರಾದ ಔಷಧದ ಡಿಎನ್‌ಎಯನ್ನೂ ಓದಿ, ಫೇಜ್ ಬೆಳೆಸಿದ ಬ್ಯಾಕ್ಟೀರಿಯಾದ ಜೀನೋಮಿನ ಮೇಲೆ ಹೊಂದಿಸಿ ನೋಡಿ. ಒಂದೇ ಜಾಗದಲ್ಲಿ ಓದುಗಳ ಗುಡ್ಡೆ ಕಂಡರೆ ಅಲ್ಲಿ ಮಲಗಿದ್ದ ಪ್ರೋಫೇಜ್ (ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಅಡಗಿದ ಫೇಜ್) ಎದ್ದು ಔಷಧಕ್ಕೆ ಸೇರಿರಬಹುದು. ಹಾಗಿದ್ದರೆ ಬೇರೆ ಬ್ಯಾಕ್ಟೀರಿಯಾ ತಳಿಯಲ್ಲಿ ಬೆಳೆಸಿ. ರೋಗಿಯ ಬ್ಯಾಕ್ಟೀರಿಯಾವನ್ನು ಈ ಫೇಜ್ ಕೊಲ್ಲುವುದೋ ಇಲ್ಲವೋ ಎಂಬುದನ್ನಂತೂ ಅಗರ್ ತಟ್ಟೆಯ ಮೇಲೆಯೇ ನೋಡಬೇಕು.